ನಾಲ್ಕನೆಯ ಹುಳ

ಮಟಿಲ್ಡಾಳಿಗೆ ಹುಳ ಕಂಡರೆ ಆಗುತ್ತಿರಲಿಲ್ಲ. ಹೂಕೋಸನ್ನು ಬಿಸಿ ಉಪ್ಪುನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡದೆ ಮುಟ್ಟುತ್ತಿರಲಿಲ್ಲ. ಬದನೆಕಾಯಿಯನ್ನಂತೂ ಗಂಡ ಹೆನ್ರಿಯೇ ಹೆಚ್ಚಿಕೊಡಬೇಕು. ಅಂಥವಳು ಕತಾರಿನ ದೋಹಾದ ಅಲ್ ಥುಮಾಮಾದಲ್ಲಿ, ತಾವಿದ್ದ ಕಟ್ಟಡದ ಹಿಂದಿನ ಖಾಲಿ ಸೈಟಿನಲ್ಲಿ, ಆಗಸ್ಟಿನ ಬಿಸಿಲಿಗೆ ಎಕ್ಕದ ಎಲೆಗಳನ್ನು ಮಗುಚಿ ಮಗುಚಿ ಹುಳ ಹುಡುಕುವ ಹಾಗಾದದ್ದು ಜೋಆನ್‌ಳಿಂದ.

ಮಟಿಲ್ಡಾ ಶಾಲೆಯೊಂದರ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ಲಾರ್ಕ್. ಜೋಆನ್ ಅಲ್ಲಿಯ ಬಯಾಲಜಿ ಟೀಚರ್. ಇಬ್ಬರೂ ಬಂಟ್ವಾಳದ ಕಡೆಯವರು. ಬೇಸಗೆ ರಜೆಗೆ ಊರಿಗೆ ಹೋಗಿದ್ದ ಜೋಆನ್ ಆಗಸ್ಟ್ ಮಧ್ಯದಲ್ಲಿ ಫೋನ್ ಮಾಡಿದಳು.

"ಮಟಿಲ್ಡಕ್ಕ, ಮಮ್ಮಿಯ ಸೊಂಟದ ಆಪರೇಷನ್ ಮುಂದಕ್ಕೆ ಹೋಯ್ತು. ಸೆಪ್ಟೆಂಬರ್ ಕೊನೆ ತನಕ ನನಗೆ ಬರ್ಲಿಕ್ಕಾಗುದಿಲ್ಲ. ನಿಮ್ಮ ಮನೆ ಹಿಂದೆ ಆರು ಎಕ್ಕದ ಗಿಡ ಉಂಟಲ್ಲ, ಅದ್ರಲ್ಲಿ ಹುಳ ಎಣಿಸ್ಲಿಕ್ಕುಂಟು."

"ಎಂತ ಎಣಿಸ್ಲಿಕ್ಕೆ?"

"ಹುಳ. ಕೇಳಿ ಮೊದಲು. ಅಮೆರಿಕದಲ್ಲಿ ಮೊನಾರ್ಕ್ ಅಂತ ಕಿತ್ತಳೆ ಬಣ್ಣದ ಚಿಟ್ಟೆ ಉಂಟು, ಹೆಸರು ಕೇಳಿರ್ಬಹುದು. ಅದರ ದಾಯಾದಿ ನಮ್ಮ ಕತಾರಿನದ್ದು. ಆಫ್ರಿಕನ್ ಮೊನಾರ್ಕ್ ಅಂತಲೇ ಕೆಲವರು ಹೇಳುದು. ಸೆಕೆ ಇಳೀಲಿಕ್ಕೆ ಶುರುವಾಗುವಾಗ ಎಕ್ಕದ ಎಲೆಯ ಅಡಿಯಲ್ಲಿ ಮೊಟ್ಟೆ ಇಡ್ತದೆ. ನಾನು ಮೂರು ವರ್ಷದಿಂದ ಆ ಆರು ಗಿಡದ ರೆಕಾರ್ಡ್ ಇಟ್ಟಿದ್ದೇನೆ. ಒಂದು ವರ್ಷ ತಪ್ಪಿದ್ರೆ ಎಲ್ಲ ವೇಸ್ಟ್. ಎರಡು ದಿನಕ್ಕೊಮ್ಮೆ, ಹತ್ತು ನಿಮಿಷ. ಮುಟ್ಲಿಕ್ಕಿಲ್ಲ, ಬರೀ ನೋಡ್ಲಿಕ್ಕೆ."

ಆಸ್ಪತ್ರೆಯ ವರಾಂಡದಲ್ಲಿ ನಿಂತು ಮಾತಾಡುತ್ತಿದ್ದವಳಿಗೆ ಇಲ್ಲ ಎನ್ನಲು ಮಟಿಲ್ಡಾಳಿಗೆ ಬಾಯಿ ಬರಲಿಲ್ಲ.

ಹಾಗೆ ಶುರುವಾಯಿತು. ಸಂಜೆ ಐದಕ್ಕೆ ಏಸಿಯಿಂದ ಹೊರಬಿದ್ದ ಕೂಡಲೇ ಕನ್ನಡಕಕ್ಕೆ ಆವಿ ಹಿಡಿದು ಎರಡು ನಿಮಿಷ ಏನೂ ಕಾಣುತ್ತಿರಲಿಲ್ಲ. ಕನ್ನಡಕ ಒರೆಸಿಕೊಂಡು, ಕೈಗೆ ಪಾತ್ರೆ ತೊಳೆಯುವ ಹಳದಿ ಗ್ಲೌಸ್ ಹಾಕಿಕೊಂಡು, ಉದ್ದದ ಮರದ ಸೌಟಿನಿಂದ ಎಲೆ ಎತ್ತಿ ಅಡಿ ನೋಡುವಳು. ಮೇಲೆ ವಿಮಾನ ಇಳಿಯುವ ಸದ್ದು. ಕಾಲಡಿಯಲ್ಲಿ ಕಲ್ಲುಪುಡಿ, ಗಾಳಿಗೆ ಬಂದು ಬಿದ್ದ ಪ್ಲಾಸ್ಟಿಕ್. ಮನೆಗೆ ಬಂದು ಪುಸ್ತಕದಲ್ಲಿ ಬರೆಯುವಳು: ಸೊನ್ನೆ. ಎರಡು ದಿನ ಬಿಟ್ಟು ಮತ್ತೆ: ಸೊನ್ನೆ.

"ಸೊನ್ನೆ ಬರೀಲಿಕ್ಕೆ ಇಷ್ಟು ಬೆವರ್ಬೇಕಾ? ಇಲ್ಲೇ ಸೋಫಾದಲ್ಲಿ ಕೂತು ಬರೆ," ಎಂದ ಹೆನ್ರಿ.

ಆಗಸ್ಟ್ ಮುಗಿಯುವ ಹೊತ್ತಿಗೆ ಮೂರನೆಯ ಗಿಡದ ಎಲೆಯೊಂದರ ಅಡಿಯಲ್ಲಿ ಪಟ್ಟೆಪಟ್ಟೆಯದೊಂದು ಸಣ್ಣ ಎಳೆ ಅಲುಗಾಡಿತು. ಮಟಿಲ್ಡಾ ಸೌಟು ಬಿಟ್ಟು ಮೂರು ಹೆಜ್ಜೆ ಹಿಂದೆ ಹಾರಿದಳು. ಆಮೇಲೆ ಬಗ್ಗಿ ನೋಡಿದಳು. ಕಪ್ಪು, ಬಿಳಿ ಗೆರೆಗಳ ನಡುವೆ ಹಳದಿ ಚುಕ್ಕೆ. ಮೈಮೇಲೆ ರೋಮವೇ ಇಲ್ಲ. ಬೆನ್ನಿನಲ್ಲಿ ಮೂರು ಜೊತೆ ಕಪ್ಪು ಕೊಂಬು. ಯಾರೋ ಕೂತು ಬಣ್ಣ ಹಾಕಿದ ಹಾಗಿತ್ತು. ಅದು ಎಲೆಯ ಅಂಚನ್ನು ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ, ಆಫೀಸಿನ ಪ್ರಿಂಟರಿನಂತೆ ಕ್ರಮವಾಗಿ ತಿನ್ನುತ್ತಿತ್ತು. ಮಟಿಲ್ಡಾ ಇಪ್ಪತ್ತು ನಿಮಿಷ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತಳು.

ಒಂದು ವಾರದೊಳಗೆ ಹುಳಗಳು ಹನ್ನೊಂದಾದವು. ಅವಳು ದಿನಾ ಹೋಗತೊಡಗಿದಳು. ಗ್ಲೌಸ್ ಮರೆತು ಹೋದದ್ದೂ ಉಂಟು. ಮೂರನೆಯ ಗಿಡದ ನಾಲ್ಕು ಹುಳಗಳು ಎಲ್ಲಕ್ಕಿಂತ ಬೇಗ ಬೆಳೆದು ಕಿರುಬೆರಳಿನಷ್ಟಾಗಿದ್ದವು. ಜೋಆನ್‌ಗೆ ಫೋಟೋ ಹೋದವು. "ಇನ್ನು ಒಂದೆರಡು ದಿನ. ಮತ್ತೆ ಗೂಡಾಗ್ತವೆ," ಎಂದು ಉತ್ತರ ಬಂತು.

ಶುಕ್ರವಾರ ಸಂಜೆ ಹೋಗಿ ನೋಡಿದರೆ ಮೂರನೆಯ ಗಿಡ ಬೋಳಾಗಿತ್ತು. ಎಲೆ ಚಿವುಟಿದಲ್ಲೆಲ್ಲ ಬಿಳಿ ಹಾಲು ಒಣಗಿ ನಿಂತಿತ್ತು. ಹೂವಿನ ಗೊಂಚಲೂ ಇಲ್ಲ. ನಾಲ್ಕು ಹುಳಗಳೂ ಇಲ್ಲ.

"ಸಾಯ್ಬಿಣಿ ಮಾಯೆ!" ಎಂದು ಮಾತೆ ಮರಿಯಳನ್ನು ಕೂಗಿ ತಲೆ ಎತ್ತಿದರೆ, ಸೈಟಿನ ಆಚೆ ಕೊನೆಯಲ್ಲಿ ಪಂಚೆ ಎತ್ತಿ ಕಟ್ಟಿದ ವಯಸ್ಸಾದವರೊಬ್ಬರು ಆರನೆಯ ಗಿಡದ ಹೂ ಕೊಯ್ದು ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಿದ್ದರು.

"ಓಯ್! ಕ್ಯಾ ಕರ್ ರಹೇ ಹೋ ಉಧರ್?" ಅಲ್ಲೇನು ಮಾಡುತ್ತಿದ್ದೀರೆಂದು ಹಿಂದಿಯಲ್ಲಿ ಗದರಿದಳು.

ಅವರು ತಿರುಗಿ ನೋಡಿ ನಕ್ಕರು. "ಬಾಯಮ್ಮ ಮಂಗಳೂರಿನವರಾ? ಸಾಯ್ಬಿಣಿ ಅಂದದ್ದು ಕೇಳಿತು."

ಕರಾವಳಿಯ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಬಾಯಮ್ಮ ಎನ್ನುವವರು ಎದುರಾಗಿ ಎಷ್ಟು ಕಾಲವಾಗಿತ್ತೋ. ಆದರೂ ಮಟಿಲ್ಡಾ ಸಿಟ್ಟು ಬಿಡಲಿಲ್ಲ. "ಮೊದಲು ಆ ಗಿಡ ಬಿಡಿ. ಆಚೆ ಗಿಡ ಬೋಳಿಸಿದ್ದು ಯಾರು? ನೀವೇ ಅಲ್ವಾ?"

"ನಾನೇ. ಬೆಳಿಗ್ಗೆ ಕೊಯ್ದದ್ದು. ಎಲೆ ಬಿಸಿ ಮಾಡಿ ಮಂಡಿಗೆ ಕಟ್ಟಿದ್ರೆ ನೋವು ಎಳೀತದೆ. ಹೂ ನಾಳೆ ಚೌತಿಗೆ, ಗಣಪತಿಗೆ ಮಾಲೆ. ಮುಟ್ಟಬಾರ್ದು ಅಂತ ಬೋರ್ಡ್ ಎಲ್ಲಿಯೂ ಇರ್ಲಿಲ್ಲ."

"ಅದ್ರಲ್ಲಿ ಹುಳ ಇತ್ತು!"

"ಇತ್ತಲ್ಲ. ನಾಲ್ಕು. ಮೂರು ದೊಡ್ಡದು, ಒಂದು ಅದಕ್ಕಿಂತ ಚೂರು ಸಪೂರ." ಅವರು ಚೂರೂ ತಡವರಿಸಲಿಲ್ಲ. "ಕಾರ್ಕಳ–ಉಡುಪಿ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರ್ ಆಗಿದ್ದವ ನಾನು. ಎಣಿಸುದು ತಪ್ಪುದಿಲ್ಲ. ಅಪ್ಪಯ್ಯ ಅಂತ ಹೆಸರು. ಎಲೆಯೊಟ್ಟಿಗೆ ಚೀಲದಲ್ಲೇ ಉಂಟು ಅವು, ಮಗನ ಮನೆ ಅಡುಗೆಕೋಣೆಯಲ್ಲಿ. ಸಂಜೆ ಹೂವಿಗೆ ಬರುವಾಗ ವಾಪಸು ತರುವ ಅಂತ ಇದ್ದೆ, ಮರ್ತುಹೋಯ್ತು."

"ಯಲ್ಲಾ, ನಡೀರಿ," ಎಂದಳು ಮಟಿಲ್ಡಾ. "ಈಗಲೇ."

ಮಗ ಯಜ್ಞೇಶನ ಮನೆ ಎರಡು ಕಟ್ಟಡ ಆಚೆ, ಮೂರನೆಯ ಮಹಡಿಯಲ್ಲಿ. ಯಜ್ಞೇಶ ಲಿಫ್ಟ್ ಕಂಪನಿಯೊಂದರಲ್ಲಿ ಸರ್ವಿಸ್ ಎಂಜಿನಿಯರ್. ಹೆಂಡತಿ ಅಶ್ವಿತಾ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಅಪ್ಪಯ್ಯ ವಿಸಿಟ್ ವೀಸಾದಲ್ಲಿ ಬಂದು ಎರಡೂವರೆ ತಿಂಗಳಾಗಿತ್ತು. ಮರುದಿನದ ಹಬ್ಬಕ್ಕೆಂದು ಅಶ್ವಿತಾ ಮಧ್ಯಾಹ್ನವೇ ಮನೆ ಉಜ್ಜಿ ತೊಳೆದಿದ್ದಳು. ಹಾಲಿನ ಮೂಲೆಯ ಮೇಜಿನ ಮೇಲೆ ಗೇಣುದ್ದದ ಮಣ್ಣಿನ ಗಣಪತಿ ಕುಳಿತಿತ್ತು. ಅಪ್ಪಯ್ಯ ಅದನ್ನು ಊರಿನಿಂದ ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ, ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದಿದ್ದರು.

ಅಡುಗೆಕೋಣೆಯ ಚೀಲ ಬಾಯಿ ತೆರೆದು ಬಿದ್ದಿತ್ತು. ಮಟಿಲ್ಡಾ ಎಲೆ ಒಂದೊಂದಾಗಿ ತೆಗೆದಳು. ಎರಡು ಹುಳ ಸಿಕ್ಕವು.

"ಇನ್ನೆರಡು?" ಎಂದಳು.

"ಎಂತ ಇನ್ನೆರಡು?" ಬಾಗಿಲಲ್ಲಿ ನಿಂತಿದ್ದ ಅಶ್ವಿತಾ ಕೇಳಿದಳು. ಮಟಿಲ್ಡಾಳ ಅಂಗೈ ನೋಡಿದಳು. ಒಂದು ಕಿರುಚಾಟ, ಮುಂದಿನ ಕ್ಷಣ ಅವಳು ಹಾಲಿನ ಸೋಫಾದ ಮೇಲೆ ನಿಂತಿದ್ದಳು. "ಮಾವ! ನೀವು ಹುಳ ಮನೆಯೊಳಗೆ ತಂದದ್ದಾ?"

"ಎಲೆ ತಂದದ್ದು. ಅವು ಟಿಕೆಟ್ ಇಲ್ಲದೆ ಬಂದದ್ದು."

ಹುಡುಕಾಟ ಶುರುವಾಯಿತು. ಆಗಷ್ಟೇ ಕೆಲಸದಿಂದ ಬಂದ ಯಜ್ಞೇಶ, ಶೂ ಬಿಚ್ಚುವ ಮೊದಲೇ ಟಾರ್ಚ್ ಹಿಡಿದು ಫ್ರಿಜ್ಜಿನ ಹಿಂದೆ ಮಂಡಿಯೂರಿದ. ಮಟಿಲ್ಡಾ ಒಲೆಯ ಸಂದಿ, ಸಿಂಕಿನ ಅಡಿ, ಅಕ್ಕಿ ಡ್ರಮ್ಮಿನ ಮರೆ ಎಲ್ಲ ನೋಡಿದಳು. ಪರಿಚಯವಿಲ್ಲದ ಮನೆಯ ಅಡುಗೆಕೋಣೆಯಲ್ಲಿ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದೇನೆಂದು ಅವಳಿಗೆ ಹೊಳೆದದ್ದು ಅಶ್ವಿತಾ ಸೋಫಾದಿಂದಲೇ "ಆಂಟಿ, ಚಾ ಮಾಡ್ಲಾ? ಆದರೆ ನಾನು ಇಳಿಯುದಿಲ್ಲ," ಎಂದಾಗ. ಯಾರು ಮೊದಲು ನಕ್ಕರೋ ಗೊತ್ತಿಲ್ಲ, ನಾಲ್ವರೂ ನಕ್ಕರು.

ಮೂರನೆಯದು ಇಸ್ತ್ರಿಗೆ ಇಟ್ಟ ಬಟ್ಟೆಗಳ ಮೇಲೆ, ಯಜ್ಞೇಶನ ಅಂಗಿಯ ಕಾಲರಿನಲ್ಲಿ ಸಿಕ್ಕಿತು. ನಾಲ್ಕನೆಯದು ಎಲ್ಲಿಯೂ ಇಲ್ಲ. ಒಂದು ಗಂಟೆ ಹುಡುಕಿ ಸೋತ ಮೇಲೆ ಅಪ್ಪಯ್ಯ, "ಕಿಟಕಿಯಿಂದ ಇಳಿದು ಹೋಗಿರ್ಬೇಕು," ಎಂದರು. ಕಿಟಕಿ ಜೂನ್ ತಿಂಗಳಿನಿಂದ ತೆರೆದೇ ಇರಲಿಲ್ಲ. ಅಶ್ವಿತಾ ಅದನ್ನು ಹೇಳಿ, ರಾತ್ರಿ ಬೆಡ್‌ರೂಮಿನ ಬಾಗಿಲಿನ ಸಂದಿಗೆ ಟವೆಲ್ ತುರುಕಿ ಮಲಗಿದಳು.

ಸಿಕ್ಕ ಮೂರನ್ನು ಮಟಿಲ್ಡಾ ಬಿಸ್ಕತ್ತಿನ ಡಬ್ಬಿಯಲ್ಲಿ ಎಲೆಯ ಸಮೇತ ಮನೆಗೆ ತಂದು, ಬೆಳಿಗ್ಗೆ ಐದನೆಯ ಗಿಡಕ್ಕೆ ಬಿಟ್ಟಳು. ಡಬ್ಬಿ ತೆರೆದು ನೋಡಿದ ಹೆನ್ರಿ ಆಮೇಲೆ ಎರಡು ದಿನ ಚಾದ ಜೊತೆ ಬಿಸ್ಕತ್ತು ಕೇಳಲಿಲ್ಲ.

ಶನಿವಾರ ಚೌತಿ. ಪೂಜೆ ಮುಗಿದು ಆರತಿ ಎತ್ತುವಾಗ, ದೀಪದ ಬೆಳಕು ಗಣಪತಿಯ ಮುಖದ ಮೇಲೆ ಹಾದುಹೋದಾಗ, ಅಪ್ಪಯ್ಯ ಅದನ್ನು ಕಂಡರು. ಬಲಗಿವಿಯ ಅಡಿಯಲ್ಲಿ, ಮಣ್ಣಿಗೆ ಬಾಲ ಅಂಟಿಸಿ, ತಲೆ ಕೆಳಗಾಗಿ, ಕೊಕ್ಕೆಯ ಹಾಗೆ ಬಾಗಿ ನೇತಾಡುತ್ತಿತ್ತು ನಾಲ್ಕನೆಯ ಹುಳ. ಅವರು ಸೊಸೆಯ ಕಡೆ ಒಮ್ಮೆ ನೋಡಿದರು. ಒಂದು ದಾಸವಾಳವನ್ನು ಕಿವಿಯ ಮುಂದೆ ಸಿಕ್ಕಿಸಿದರು. ಮಂತ್ರದ ಸ್ವರ ಸ್ವಲ್ಪ ಜಾಸ್ತಿ ಮಾಡಿದರು.

ಊಟಕ್ಕೆ ಮಟಿಲ್ಡಾ, ಹೆನ್ರಿ ಇಬ್ಬರನ್ನೂ ಕರೆದಿದ್ದರು. ಪಾಯಸ ಬಡಿಸುವ ಗಡಿಬಿಡಿಯಲ್ಲಿ ಅಪ್ಪಯ್ಯ ಮಟಿಲ್ಡಾಳ ಹತ್ತಿರ ಬಂದು ತಗ್ಗಿದ ಸ್ವರದಲ್ಲಿ, "ಬಾಯಮ್ಮ, ನಾಲ್ಕನೆಯವ ಸಿಕ್ಕಿದ. ಆದ್ರೆ ಕೂತ ಜಾಗ ಸ್ವಲ್ಪ ಕಷ್ಟದ್ದು," ಎಂದರು.

ಮಟಿಲ್ಡಾ ಹೂ ಸರಿಸಿ ನೋಡಿ ತಲೆಯ ಮೇಲೆ ಕೈಹೊತ್ತಳು. ಗಣಪತಿಯನ್ನು ನೀರಿಗೆ ಬಿಡುವುದು ಮರುದಿನ ಸಂಜೆ.

ಭಾನುವಾರ ಮಟಿಲ್ಡಾಳ ಮನೆಯಲ್ಲಿ ಮೊಂತಿ ಫೆಸ್ತ್, ಕನ್ಯಾ ಮರಿಯಳ ಹುಟ್ಟುಹಬ್ಬ. ಆ ದಿನ ಅವರಲ್ಲಿಯೂ ಮೀನು, ಮಾಂಸ ಇಲ್ಲ. ಕತಾರಿನಲ್ಲಿ ಭಾನುವಾರ ಕೆಲಸದ ದಿನವೇ. ಶಾಲೆ ಮುಗಿಸಿ ಬಂದವಳು ಪತ್ರೊಡೆಯ ಪಾತ್ರೆ ಹಿಡಿದು ಯಜ್ಞೇಶನ ಮನೆಗೆ ಹೋದಾಗ ಬಾಲ್ಕನಿಯಲ್ಲಿ ಬಕೆಟ್ ನೀರು ತುಂಬಿಸಿ ಇಟ್ಟಾಗಿತ್ತು. ಅಪ್ಪಯ್ಯ ಗಣಪತಿಯ ಎದುರು ಅಡ್ಡ ನಿಂತಿದ್ದರು, ಬಸ್ಸಿನ ಬಾಗಿಲಿಗೆ ನಿಂತ ಹಾಗೆ.

"ಅಪ್ಪ, ಹೊತ್ತಾಯ್ತು. ತೆಗೀರಿ ಇನ್ನು," ಎಂದ ಯಜ್ಞೇಶ.

"ಈ ಸಲ ಹನ್ನೊಂದು ದಿನ ಇಡುವ."

"ಹನ್ನೊಂದಾ?" ಯಜ್ಞೇಶನ ಮುಖ ಬಿಳಿಚಿತು. ಮನೆಯಲ್ಲಿ ಗಣಪತಿ ಇರುವಷ್ಟು ದಿನ ಮೀನು ಮುಟ್ಟುವ ಹಾಗಿಲ್ಲ. ಶುಕ್ರವಾರದಿಂದಲೇ ಅವನು ಗಂಟೆ ಲೆಕ್ಕ ಹಾಕುತ್ತಿದ್ದ. ಫ್ರೀಜರಿನಲ್ಲಿ ಎರಡು ಅಂಜಲ್ ಮೀನು ಮಸಾಲೆಗೆ ಕಾದು ಮಲಗಿದ್ದವು. "ಯಾಕೆ ಸಡನ್ನಾಗಿ ಹನ್ನೊಂದು?"

ಅಪ್ಪಯ್ಯ ಬೇರೆ ದಾರಿ ಕಾಣದೆ ದಾಸವಾಳ ತೆಗೆದರು.

ರಾತ್ರಿ ಹುಳ ಚರ್ಮ ಕಳಚಿ ಗೂಡಾಗಿತ್ತು. ತಿಳಿಹಸಿರಿನ, ನಯವಾದ, ನೆಲಗಡಲೆ ಬೀಜದಷ್ಟಿನ ಒಂದು ಕೋಶ. ಅದರ ಮೇಲೆ ಸುತ್ತ ಚಿನ್ನದ ಚುಕ್ಕೆಗಳ ಸಾಲು. ಚಿನ್ನವೆಂದರೆ ಹೊಳೆಯುವ, ನಿಜವಾದ ಚಿನ್ನದ ಹಾಗೆಯೇ ಇದ್ದ ಚುಕ್ಕೆ.

ಅಶ್ವಿತಾ ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿದಳು. ಆಮೇಲೆ ಏನನ್ನಿಸಿತೋ, ನಿಧಾನಕ್ಕೆ ಹತ್ತಿರ ಬಂದಳು. "ಇದು ಹುಳವಾ?"

"ಹುಳ ಹೋಯ್ತು," ಎಂದಳು ಮಟಿಲ್ಡಾ. "ಇನ್ನು ಹತ್ತು ದಿನದಲ್ಲಿ ಚಿಟ್ಟೆ."

"ಕಿವಿಗೆ ಓಲೆ ಹಾಕಿದ ಹಾಗೆ ಉಂಟಲ್ಲ ಮಾವ."

ಯಜ್ಞೇಶ ಒಂದು ದಾರಿ ಹೇಳಿದ. "ಮೆಲ್ಲ ಕಿತ್ತು ಬೇರೆ ಕಡೆ ಅಂಟಿಸಿದ್ರೆ?"

ಮಟಿಲ್ಡಾ ಜೋಆನ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಜೋಆನ್ ಎಲ್ಲ ಕೇಳಿ ಒಂದು ನಿಮಿಷ ನಕ್ಕು, ಆಮೇಲೆ ಹೇಳಿದಳು: "ತೆಗೀಬಹುದು. ಆದ್ರೆ ಮೊದಲ ದಿನ ಬೆಣ್ಣೆಯಷ್ಟು ಮೆತ್ತಗೆ ಇರ್ತದೆ. ಗೊತ್ತಿಲ್ಲದವರು ಮುಟ್ಟಿದ್ರೆ ಖಲಾಸ್."

ಎಲ್ಲರೂ ಅಶ್ವಿತಾಳತ್ತ ನೋಡಿದರು. ಅವಳು ಬಾಲ್ಕನಿಗೆ ಹೋಗಿ ಬಕೆಟಿನ ನೀರನ್ನು ಒಣಗಿದ ತುಳಸಿಗಿಡಕ್ಕೆ ಸುರಿದು ಬಂದಳು. "ಗಣಪತಿ ಇರ್ಲಿ. ಜೀವ ಇದ್ದದ್ದನ್ನು ನೀರಿಗೆ ಹಾಕ್ಲಿಕ್ಕೆ ನನ್ನಿಂದ ಆಗುದಿಲ್ಲ. ನೀವು ಹತ್ತು ದಿನ ತೊಂಡೆಕಾಯಿ ತಿನ್ನಿ."

ಕಷ್ಟವೊಂದು ಉಳಿದಿತ್ತು. ಹನ್ನೊಂದನೆಯ ದಿನವೆಂದರೆ ಮುಂದಿನ ವಾರದ ಮಂಗಳವಾರ. ಅಪ್ಪಯ್ಯ ಊರಿಗೆ ಹೋಗುವ ವಿಮಾನ ಅದರ ಮರುದಿನ, ಬುಧವಾರ ಬೆಳಿಗ್ಗೆ ಐದಕ್ಕೆ.

"ಒಂದು ದಿನ ಆಚೆ ಈಚೆ ಆದ್ರೆ ನಾನು ನೋಡದೆ ಹೋಗುದು," ಎಂದರು ಅವರು. ಎರಡೂವರೆ ತಿಂಗಳಲ್ಲಿ ಈ ಊರಿನಲ್ಲಿ ಏನನ್ನಾದರೂ ನೋಡಬೇಕೆಂದು ಅವರು ಆಸೆಪಟ್ಟದ್ದು ಅದೇ ಮೊದಲು ಎಂದು ಯಜ್ಞೇಶ ಆಮೇಲೆ ಹೆನ್ರಿಗೆ ಹೇಳಿದ. ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಾಗ ಅವರು ಹೊರಗಿನ ಬೆಂಚಿನಲ್ಲಿ ಕುಳಿತು ಬಸ್ಸುಗಳನ್ನು ನೋಡಿದ್ದರಂತೆ.

ಆ ಹತ್ತು ದಿನ ಅಪ್ಪಯ್ಯ ಸಂಜೆ ಐದಕ್ಕೆ ಸರಿಯಾಗಿ ಸೈಟಿನಲ್ಲಿ ಹಾಜರು. ಮಟಿಲ್ಡಾ ಒಂದು ಗಿಡ ಮುಗಿಸುವಷ್ಟರಲ್ಲಿ ಅವರು ಮೂರು ಮುಗಿಸುತ್ತಿದ್ದರು. ಮಂಡಿ ನೋವಿದ್ದರೂ ಕಣ್ಣಿಗೇನೂ ಆಗಿರಲಿಲ್ಲ. ಸಾಸಿವೆಗಿಂತ ಸಣ್ಣ ಮೊಟ್ಟೆಯನ್ನು ಮಾರು ದೂರದಿಂದ ಗುರುತಿಸಿ, "ಬಾಯಮ್ಮ, ಇಲ್ಲೊಂದು. ಅಲ್ಲಿ ಮೇಲೆ ಎರಡು. ಬರ್ಕೊಳ್ಳಿ," ಎನ್ನುವರು. ಮಂಡಿಗೆ ಎಲೆ ಬೇಕಾದರೆ ಹಿಂದೆ ಮುಂದೆ ತಿರುಗಿಸಿ ನೋಡಿ, ಹುಳ ತಿಂದು ಬಿಟ್ಟ ಎಲೆಯನ್ನೇ ಆರಿಸುವರು. ಒಂದು ಸಂಜೆ ಕಿತ್ತಳೆ ಬಣ್ಣದ ದೊಡ್ಡ ಚಿಟ್ಟೆಯೊಂದು ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಮಚ್ಚೆ ತೋರಿಸುತ್ತ ಗಿಡದಿಂದ ಗಿಡಕ್ಕೆ ಅಲೆದು, ಒಂದೊಂದು ಎಲೆಯ ಕೆಳಗೂ ಹೊಟ್ಟೆ ಬಾಗಿಸಿ ಮೊಟ್ಟೆಯಿಡುವುದನ್ನು ಇಬ್ಬರೂ ನಿಂತು ನೋಡಿದರು. ಅದು ಹೋದ ಮೇಲೆ ಮಟಿಲ್ಡಾ ಹೇಳಿದಳು: "ಇಪ್ಪತ್ತೆರಡು ವರ್ಷ ಆಯ್ತು ಅಪ್ಪಯ್ಯಣ್ಣ ನಾನು ಇಲ್ಲಿ. ಆಫೀಸು, ಮನೆ, ಇಗರ್ಜಿ, ಲುಲು ಮಾರ್ಕೆಟ್. ಈ ಮಣ್ಣಲ್ಲಿ ಒಂದು ಸಲವೂ ಬಗ್ಗಿ ಏನನ್ನೂ ನೋಡಿರ್ಲಿಲ್ಲ."

"ನಾನು ಅದೇ ರೋಡಿನಲ್ಲಿ ಮೂವತ್ತೆರಡು ವರ್ಷ ಹೋದವ," ಎಂದರು ಅಪ್ಪಯ್ಯ. "ಬಸ್ಸಿನ ಒಳಗೇ ನೋಡ್ತಾ ಇದ್ದೆ. ಹೊರಗೆ ಎಂತ ಇತ್ತು ಅಂತ ಯಾರಿಗೆ ಗೊತ್ತು!"

ಯಜ್ಞೇಶನ ಪಾಡು ಬೇರೆ. ಆರನೆಯ ದಿನ ಹೆನ್ರಿಯ ಮನೆಗೆ ಏನೋ ನೆಪ ಮಾಡಿ ಬಂದವನು ಅಡುಗೆಕೋಣೆಯಿಂದ ಬರುತ್ತಿದ್ದ ಬಂಗುಡೆಯ ಪರಿಮಳಕ್ಕೆ ಅರ್ಧ ಗಂಟೆ ಹೆಚ್ಚು ಕುಳಿತ. ಹೆನ್ರಿ ತಟ್ಟೆ ಮುಂದಿಟ್ಟ. ಯಜ್ಞೇಶ ಅದನ್ನು ನೋಡಿದ, ಎದ್ದ, "ಬೇಡ ಅಂಕಲ್, ಅಪ್ಪ ಮುಖ ನೋಡಿಯೇ ಹೇಳ್ತಾರೆ," ಎಂದು ಇಳಿದು ಹೋದ. ದಿನಕ್ಕೆ ಹತ್ತು ಸಲ ಗೂಡಿನ ಬಣ್ಣ ಬದಲಾಯಿತಾ ಎಂದು ನೋಡುವವನೂ ಅವನೇ. ಕೆಲಸದಲ್ಲಿದ್ದಾಗ ಅಪ್ಪನಿಗೆ ಫೋನ್ ಮಾಡಿ ಕೇಳುತ್ತಿದ್ದ.

ಸೋಮವಾರ ರಾತ್ರಿಯವರೆಗೂ ಅದು ಹಸಿರೇ ಇತ್ತು. ಅಪ್ಪಯ್ಯ ಬೇಸರದಿಂದ ಬ್ಯಾಗ್ ತುಂಬಿಸಿದರು.

ಮಂಗಳವಾರ ಬೆಳಿಗ್ಗೆ ಅಶ್ವಿತಾ ಕಿರುಚಿದಳು. ಈ ಸಲ ಯಾರೂ ಹೆದರಲಿಲ್ಲ. ಗೂಡು ಕಪ್ಪಾಗಿ ಪಾರದರ್ಶಕವಾಗಿತ್ತು. ಒಳಗೆ ಮಡಚಿಟ್ಟ ಕಿತ್ತಳೆ ರೆಕ್ಕೆ, ಬಿಳಿ ಮಚ್ಚೆ ಎಲ್ಲ ಕಾಣುತ್ತಿತ್ತು. ಮಟಿಲ್ಡಾ ಶಾಲೆಗೆ ಎರಡು ಗಂಟೆ ತಡವಾಗಿ ಬರುತ್ತೇನೆಂದು ತಿಳಿಸಿ ಓಡಿ ಬಂದಳು. ಇಷ್ಟು ವರ್ಷದಲ್ಲಿ ಒಂದು ದಿನವೂ ತಡ ಮಾಡದ ಅವಳಿಗೆ ಏನಾಯಿತೆಂದು ಪ್ರಿನ್ಸಿಪಾಲರೇ ವಾಪಸು ಫೋನ್ ಮಾಡಿದರು. ಅಪ್ಪಯ್ಯನೂ ಅವಳೂ ಗಣಪತಿಯ ಎದುರು ಎರಡು ಕುರ್ಚಿ ಹಾಕಿ ಕುಳಿತರು. ಏಳೂವರೆ, ಎಂಟೂವರೆ. ಗೂಡು ಅಲುಗಲಿಲ್ಲ. ಯಜ್ಞೇಶ ಹೋದ, ಅಶ್ವಿತಾ ಹೋದಳು. ಒಂಬತ್ತಕ್ಕೆ ಮಟಿಲ್ಡಾಳೂ ಏಳಲೇಬೇಕಾಯಿತು. "ಕಣ್ಣು ತೆಗೀಬೇಡಿ," ಎಂದು ಹೇಳಿ ಹೋದಳು.

ಅಪ್ಪಯ್ಯ ಕಣ್ಣು ತೆಗೆಯಲಿಲ್ಲ, ಒಂಬತ್ತೂ ಕಾಲರ ತನಕ. ಆಮೇಲೆ ಒಂದು ಲೋಟ ಚಾ ಕಾಸಲು ಒಳಗೆ ಹೋದರು. ಹಾಲು ಉಕ್ಕಿತು, ಒರೆಸಿದರು. ಲೋಟ ಹಿಡಿದು ಬಂದು ನೋಡಿದರೆ ಗೂಡು ಒಡೆದು ಖಾಲಿಯಾಗಿತ್ತು. ಅದರ ಸಿಪ್ಪೆಯನ್ನೇ ಹಿಡಿದುಕೊಂಡು, ಒದ್ದೆ ಬಟ್ಟೆಯ ಹಾಗೆ ಮುದುಡಿದ ರೆಕ್ಕೆಗಳ ಚಿಟ್ಟೆಯೊಂದು ನೇತಾಡುತ್ತಿತ್ತು.

"ಐದು ನಿಮಿಷ ಬಾಯಮ್ಮ! ಬರೀ ಐದು ನಿಮಿಷ!" ಎಂದು ಅವರು ಫೋನಿನಲ್ಲಿ ಹೇಳಿದಾಗ ಮಟಿಲ್ಡಾ ಆಫೀಸಿನಲ್ಲೇ ಜೋರಾಗಿ ನಕ್ಕಳು. ಆದರೆ ರೆಕ್ಕೆ ಬಿಚ್ಚಿಕೊಳ್ಳುವುದನ್ನು ಅವರು ಪೂರ್ತಿ ನೋಡಿದರು. ಸುಕ್ಕು ಒಂದೊಂದಾಗಿ ಬಿಟ್ಟು, ಬಣ್ಣ ಹರಡಿ, ರೆಕ್ಕೆ ಒಣಗಿ ಗಟ್ಟಿಯಾಗುವ ಹೊತ್ತಿಗೆ ಚಾ ಆರಿ ತಣ್ಣಗಾಗಿತ್ತು.

ಸಂಜೆ ನಾಲ್ಕಕ್ಕೆ ಎಲ್ಲರೂ ಸೇರಿದರು. ಅಪ್ಪಯ್ಯ ಬೆರಳು ಚಾಚಿದರು, ಚಿಟ್ಟೆ ಹತ್ತಿಕೊಂಡಿತು. ಲಿಫ್ಟಿನಲ್ಲಿ ಐವರೂ ಉಸಿರು ಬಿಗಿಹಿಡಿದು ಇಳಿದರು. ಸೈಟಿಗೆ ಕಾಲಿಟ್ಟ ಕೂಡಲೇ ಬಿಸಿಗಾಳಿ ಬೀಸಿತು. ಚಿಟ್ಟೆ ಎಕ್ಕದ ಗಿಡಗಳತ್ತ ತಿರುಗಿಯೂ ನೋಡದೆ, ಅಶ್ವಿತಾಳ ತಲೆಯ ಮೇಲಿಂದ ಹಾದು, ಆಚೆ ವಿಲ್ಲಾದ ಕಾಂಪೌಂಡ್ ದಾಟಿ ಬೋಗನ್‌ವಿಲ್ಲಾದ ಮರೆಗೆ ಹೋಯಿತು. ಅಶ್ವಿತಾ ಬಗ್ಗಲೂ ಇಲ್ಲ, ಕಿರುಚಲೂ ಇಲ್ಲ.

ಮೇಲೆ ಬಂದು ಗಣಪತಿಗೆ ಆರತಿ ಮಾಡಿ, ಬಕೆಟಿನ ನೀರಿಗೆ ಇಳಿಸಿದರು. ಮಣ್ಣು ಮೆಲ್ಲನೆ ಕರಗಿತು. ಎಂಟು ಗಂಟೆಗೆ ಅಂಜಲ್ ಕಾವಲಿಯಲ್ಲಿ ಚುರ್ ಎಂದಿತು. ಹೆನ್ರಿ, ಮಟಿಲ್ಡಾ ಅಲ್ಲೇ ಉಂಡರು. ಯಜ್ಞೇಶ ಏಳು ತುಂಡು ತಿಂದ. ಎಣಿಸಿದ್ದು ಅಪ್ಪಯ್ಯ.

ಬುಧವಾರ ನಸುಕಿಗೇ ಅಪ್ಪಯ್ಯ ಹಾರಿದರು. ಅಂದು ಸಂಜೆ ಮಟಿಲ್ಡಾ ಒಬ್ಬಳೇ ಸೈಟಿಗೆ ಹೊರಟಳು. ಹೋಗಿ ನೋಡಿದರೆ ಮೊದಲನೆಯ ಗಿಡದಿಂದ ಸರಿಯಾಗಿ ನಾಲ್ಕು ಅಡಿ ದೂರದಲ್ಲಿ, ಕ್ಲಿನಿಕ್ಕಿನ ಮಾಸ್ಕ್, ಗ್ಲೌಸ್ ಹಾಕಿಕೊಂಡು, ಪೆನ್ನು ಹಿಡಿದು ಅಶ್ವಿತಾ ನಿಂತಿದ್ದಳು.

"ಮಾವ ಏರ್‌ಪೋರ್ಟಿನಲ್ಲಿ ಹತ್ತು ಸಲ ಹೇಳಿ ಹೋದ್ರು ಆಂಟಿ," ಎಂದಳು ಮಾಸ್ಕಿನೊಳಗಿನಿಂದ. "ನೀವು ನೋಡಿ, ನಾನು ಬರೀತೇನೆ. ಇನ್ನೂ ಹತ್ತಿರಕ್ಕೆ ಬರ್ಲಿಕ್ಕೆ ಮಾತ್ರ ಹೇಳ್ಬೇಡಿ."

ಮಟಿಲ್ಡಾ ಪುಸ್ತಕವನ್ನು ಅವಳ ಕೈಗೆ ಕೊಟ್ಟು, ಮೊದಲ ಎಲೆ ಮಗುಚಿದಳು.

"ಎರಡು," ಎಂದಳು.